ಹಣೆಗೆ ತಾಗಿದ ನಡುಕ

ಡಕ್ ಡಕ್ ಡಕ್ ಡಕ್, ಹಿಟ್ಟಿನ ಗಿರಣಿಯ ಪಟ್ಟಾ ಸಡಿಲಾದಾಗ ಬರುವ ಸದ್ದು, ಆದರೆ ಇಲ್ಲಿ ಗಿರಣಿ ಎಲ್ಲಿಂದ ಬರಬೇಕು, ಇದು ಹುಮನಾಬಾದ, ಬಜಾರಿನ ಹಿಂದಿನ ಧರ್ಮಶಾಲೆ, ಜೋಳದ ಹಿಟ್ಟಿನ ಬೆಚ್ಚಗಿನ ವಾಸನೆಯೂ ಇಲ್ಲ, ಫಿನೈಲಿನ ವಾಸನೆ, ಹೊಸ ಹಲಗೆಗೆ ಹಚ್ಚಿದ ಅಂಟಿನ ವಾಸನೆ — ಸದ್ದು ನಿಂತಿತು, ನಿಂತಿತೆಂದು ಕಸ್ತೂರಿಬಾಯಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸುರುವಾಯಿತು, ಗರ್ ಗರ್ ಎಂದು, ತುಕ್ಕು ಹಿಡಿದ ಕಬ್ಬಿಣದ ಬಾಗಿಲನ್ನು ಯಾರೋ ಎಳೆದಂತೆ, ಎಲ್ಲ ಟೇಪಿನಲ್ಲಿ ತುಂಬಿಕೊಂಡು ತಂದ ಸದ್ದು, ಖರೆಯ ಮಶೀನು ಹೈದರಾಬಾದಿನಲ್ಲಿದೆ, ಅದರೊಳಗೆ ಮಲಗಿದರೆ ತಲೆಯೊಳಗಿನ ಚಿತ್ರ ಬರುತ್ತದಂತೆ, ಅಲ್ಲಿಗೆ ಹೋಗಿ ಹೆದರಿ ಎದ್ದುಬಿಟ್ಟರೆ ಎಲ್ಲ ಹಾಳು ಎಂದು ಡಾಕ್ಟರ್ ಅನೀಲಕುಮಾರ ಬಡಿಗನ ಕೈಯಿಂದ ಹಲಗೆಯ ಒಂದು ಕೊಳವೆ ಮಾಡಿಸಿ ಇಲ್ಲಿಯೇ ಅಭ್ಯಾಸ ಮಾಡಿಸುತ್ತಿದ್ದಾರೆ, ಕೊಳವೆಯೊಳಗೆ ತಲೆ, ಎದೆ, ಸೊಂಟ, ಹೊರಗೆ ಎರಡು ಕಾಲು. ಈಗ ಅದರೊಳಗೆ ಘಾಟಬೋರಾಳದ ಮುನ್ನಿ ಬೀಯ ಗಂಡ ಮಲಗಿದ್ದಾನೆ, ಅವನಾದ ಮೇಲೆ ಮತ್ತೆ ಪೂನಂ. ಪೂನಂ ಮುಂಜಾನೆ ಒಮ್ಮೆ ಮಲಗಿದ್ದಳು, ಸದ್ದು ಬಂದದ್ದೇ ತಡ, ಮೊಣಕೈ ಊರಿ ತೆವಳಿಕೊಂಡು ಹೊರಗೆ ಬಂದಳು, ಕೂದಲು ಬೆವರಿಗೆ ಕೆನ್ನೆಗೆ ಅಂಟಿತ್ತು, ಇಪ್ಪತ್ತೆರಡರ ಮಗಳು ಹೆದರಿದ ಕರುವಿನಂತೆ ನಿಂತಿದ್ದಳು, ಡಾಕ್ಟರು ಬೈಯಲಿಲ್ಲ, ಒಳ್ಳೆಯ ಮನುಷ್ಯ, ಮನಿಯವರೊಬ್ಬರು ಕಾಲು ಹಿಡ್ಕೊಂಡು ಕೂಡಬಹುದವ್ವ, ಅಲ್ಲೂ ನಡೀತದ, ಕಾಲ ಮ್ಯಾಲ ಕೈ ಇತ್ತಂದ್ರ ಹೆದರಿಕಿ ಅರ್ಧ ಆಗ್ತದ ಎಂದರು, ಪೂನಂ ನೀರು ಕುಡಿದು ಲೋಟ ಕೆಳಗಿಟ್ಟು, ಅವ್ವ ಹಿಡೀಲಿ, ಬ್ಯಾರೆ ಯಾರೂ ಬ್ಯಾಡ ಎಂದಳು, ಹೇಳಿ ತಾಯಿಯ ಮುಖ ನೋಡಿದಳು. ಕಸ್ತೂರಿಬಾಯಿ ಸೆರಗು ಸರಿ ಮಾಡಿಕೊಂಡು ಹೊರಗಿನ ಪಡಸಾಲೆಗೆ ಬಂದು ಈ ಬಾಕಿನ ಮೇಲೆ ಕುಳಿತಳು, ಕುಳಿತವಳು ಎದ್ದಿಲ್ಲ.

ಕಾಲು ಹಿಡಿಯುವುದು, ಕಾಲು, ಬೇರೆ ಏನಾದರೂ ಹೇಳಿದ್ದರೆ, ಕೈ ಹಿಡಿ ಎಂದಿದ್ದರೆ, ತಲೆ ನೇವರಿಸು ಎಂದಿದ್ದರೆ — ಬೇಡ, ಅದನ್ನು ಈಗ ನೆನೆಯುವುದು ಬೇಡ, ಮೊದಲು ಇದು, ಎದೆಯ ಮೇಲೆ ಕೈ ಹೋಗಿದೆ, ಸೆರಗಿನ ಕೆಳಗೆ ಬೆಳ್ಳಿಯ ಕರಡಿಗೆ ತಣ್ಣಗಿದೆ, ಅದರೊಳಗೆ ಲಿಂಗ. ಹೈದರಾಬಾದದ ಆ ಕೋಣಿಯೊಳಗ ಲೋಹ ಅಂಬೋದು ಒಂದು ಸೂಜಿ ಸುದ್ದಾ ಬರಬಾರದ್ರಿ ಅವ್ವಾರ, ಅದು ದೊಡ್ಡ ಸೂಜಿಗಲ್ಲು, ಎಳ್ಕೊಂಡ್ ಬಿಡ್ತದ, ಕೊರಳಾಗಿಂದು, ಕಿವ್ಯಾಗಿಂದು, ಕಾಲುಂಗುರ, ಎಲ್ಲಾ ಹೊರಗ ಎಂದಿದ್ದರು ಡಾಕ್ಟರು. ಬೆಳ್ಳಿ ಕರಡಿಗಿ ಬಿಟ್ಟು ಬಟ್ಯಾಗ ಕಟ್ಕೊಂಡ್ರ ನಡೀತದೇನ್ರಿ ಎಂದು ಕೇಳಿದ್ದಳು, ಬಡವರು ಬಟ್ಟೆಯಲ್ಲೇ ಕಟ್ಟಿಕೊಳ್ಳುವುದಿಲ್ಲವೇ, ಡಾಕ್ಟರು ಕೈಯಲ್ಲಿ ಕೈ ಹಿಸುಕಿಕೊಂಡು, ನಾನೂ ನಿಮ್ಮ ಪೈಕಿನೇ ಅವ್ವಾರ, ನನಗ ತಿಳೀತದ, ಖರೆ ಲಿಂಗದ ಮ್ಯಾಲ ಬಳದ ಕಂತಿಯ ಲೇಪದೊಳಗ ಏನೇನು ಕಲಸಿರ್ತಾರೋ ನನಗೂ ಗೊತ್ತಿಲ್ಲ ನಿಮಗೂ ಗೊತ್ತಿಲ್ಲ, ಅಲ್ಲಿ ಮಶೀನ್ ನಡಸಾವ್ರು ಬಿಡಂಗಿಲ್ಲ, ಇಲ್ಲಿ ಹಲಗಿ ಐತಿ, ಇಲ್ಲಿ ಏನೂ ತೆಗೀಬೇಕಿಲ್ಲ, ಆದರ ಅಲ್ಲಿ ತನಕ ಹೋಗಿ ಬಾಗಲದಾಗ ನೀವು ನಿಂತ್ರಂದ್ರ ಹುಡುಗಿ ಮಲಗಂಗಿಲ್ಲ, ಅದಕ್ಕ ಇಲ್ಲೇ ಇತ್ಯರ್ಥ ಮಾಡ್ಕೋರಿ ಎಂದರು. ಇತ್ಯರ್ಥ, ಯಾರೊಡನೆ ಇತ್ಯರ್ಥ, ತೊಟ್ಟಿಲಲ್ಲಿದ್ದಾಗ ಕಟ್ಟಿದ ಲಿಂಗ, ಬಾಣಂತನದಲ್ಲಿ ಬಿಚ್ಚಿಲ್ಲ, ಜ್ವರದಲ್ಲಿ ಬಿಚ್ಚಿಲ್ಲ, ಜಳಕದ ಹೊತ್ತಿನಲ್ಲೂ ಮೈಮೇಲೆ, ಅದು ಅಗಲಿದ ಮೈ ಹೆಣ ಎಂದು ಅಜ್ಜಿ ಹೇಳುತ್ತಿದ್ದಳು, ಎದುರಿನ ಕಂಬಕ್ಕೆ ಒರಗಿ ಕುಳಿತ ಯಜಮಾನರೂ ಅದನ್ನೇ ಹೇಳಿದರು, ವೈಜನಾಥಪ್ಪನವರು, ಬಸವಕಲ್ಯಾಣದ ಬಟ್ಟೆ ಬಜಾರಿನಲ್ಲಿ ಇವರ ಮಾತಿಗೆ ಒಂದು ಕಾಲಕ್ಕೆ ಎದುರಿರಲಿಲ್ಲ, ಈಗ ಮಾತೇ ಕಡಿಮೆ, ಪ್ರಾಣ ಇರೂತನ ಅಗಲಬಾರದು ಎಂದವರು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದಾರೆ.

ಬಾಕಿನ ಆ ಕೊನೆಯಲ್ಲಿ ಮುನ್ನಿ ಬೀ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಏನಕ್ಕಾ, ಇನ್ನಾ ಅದೇ ಫಿಕರೇನು, ನಾ ಹ್ಯಾಂಗ ಅವನ ತೋಳಿಂದ ತಾಯಿತ ಬಿಚ್ಚಿ ಇಟ್ಕೊಂಡೀನಿ ನೋಡು, ಇದು ಕಟ್ಟಿದಾಗೂ ಅವ ಬಜಾರದಾಗ ಮಂದೀಗಿ ಕರದು ಕರದು ಚಾ ಕುಡಿಸಿ ದುಕಾನ ಮುಳುಗಿಸ್ದ, ಬಿಚ್ಚಿದ್ರ ಇನ್ನೇನು ಮುಳುಗ್ತದ ಎಂದಳು. ಕಸ್ತೂರಿಬಾಯಿಗೆ ನಗು ಬಂತು, ನಕ್ಕಿದ್ದಕ್ಕೆ ನಾಚಿಕೆಯೂ ಬಂತು. ತಾಯಿತದ ಮಾತು ಬ್ಯಾರೆ, ಇದರ ಮಾತು ಬ್ಯಾರೆವ್ವ. ಬ್ಯಾರೆನೇ ಇರ್ಲಿ, ನಾ ಏನು ಅಲ್ಲ ಅಂದ್ನೇನು, ನಮ್ಮ ಅತ್ತಿ ಅಂತಾಳ, ನಿನ್ನ ಮಾರಿ ನೋಡಿ ನೋಡೇ ನನ್ನ ಮಗನ ತಲಿ ಕೆಟ್ಟದ ಅಂತ, ನಾ ಅಂದೆ ಡಾಕ್ಟರ್ ಸಾಬ್, ಹಂಗಾದ್ರ ಮಶೀನ್ದಾಗ ನನ್ನ ಮಾರೀನೂ ಒಂದು ಫೋಟೋ ತೆಗೀರಿ, ಅತ್ತಿಗಿ ತೋರಿಸ್ತೀನಿ. ಹೇಳಿ ತಾನೂ ನಕ್ಕು, ನಕ್ಕು ಮುಗಿಯುವ ಮೊದಲೇ ಕಣ್ಣು ಒರೆಸಿಕೊಂಡು, ಸುಣ್ಣ ಜಾಸ್ತಿ ಆತು ಎಂದಳು. ಒಳಗೆ ಸದ್ದು ಮತ್ತೆ ಡಕ್ ಡಕ್, ಅವಳ ಗಂಡ ಮಿಸುಕದೆ ಮಲಗಿರಬೇಕು, ಅವನಿಗೆ ಗುಳಿಗೆ ಹಿಡಿದಿದೆಯಂತೆ, ಲಿಥಿಯಂ, ಒಂದು ಜಾತಿಯ ಉಪ್ಪು, ಪೂನಂಗೂ ಅದೇ, ರಕ್ತ ತೆಗೆದು ತೆಗೆದು ನೋಡುತ್ತಾರೆ, ಉಪ್ಪು ಹೆಚ್ಚಾಯಿತೇ ಕಡಿಮೆಯಾಯಿತೇ, ಅಡಿಗೆಗೆ ರುಚಿ ನೋಡಿದ ಹಾಗೆ.

ಇವತ್ತು ಬೆಳಿಗ್ಗೆ ಎಲ್ಲರ ರಕ್ತ ತೆಗೆದರು, ಅವಳದೂ, ಯಜಮಾನರದೂ, ಮೊಣಕೈ ಒಳಬದಿಯಲ್ಲಿ ಹತ್ತಿ ಒತ್ತಿಕೊಂಡ ಜಾಗ ಇನ್ನೂ ಚುಳ್ ಎನ್ನುತ್ತದೆ, ಯಾಕ್ರಿ ನಮ್ದು, ರೋಗ ನಮಗಿಲ್ಲಲ್ಲ ಎಂದು ಯಜಮಾನರು ಕೇಳಿದಾಗ ಡಾಕ್ಟರು ಹೇಳಿದರು, ಈ ರೋಗದ ಗುರುತು ರಕ್ತದಾಗ ಏನರ ಸಿಗ್ತದೇನು ಅಂತ ಹುಡುಕಾಕತ್ತೀವಿ, ರೋಗ ಇದ್ದವರದು ಇಲ್ಲದವರದು ಎರಡೂ ನೋಡಬೇಕು, ಸಕ್ಕರಿ ರೋಗಕ್ಕ ರಕ್ತ ನೋಡಿ ಹೇಳ್ತೀವಿ, ಇದಕ್ಕ ಇವತ್ತಿನ ತನಕ ಅಂಥಾದ್ದು ಸಿಕ್ಕಿಲ್ಲ, ಸುಳ್ಳು ಹೇಳಂಗಿಲ್ಲ, ಈ ಫೋಟೋದಿಂದ ನಿಮ್ಮ ಮಗಳಿಗಿ ಲಗೂನ ಆರಾಮ ಆಗಂಗೂ ಇಲ್ಲ, ಮುಂದಿನವರಿಗಿ ಆದೀತು. ಹಂಗಾದ್ರ ಇದು ಯಾರ ಕಡಿಂದ ಬಂತು ಅಂತ ತಿಳೀತದೇನು — ಕೇಳಿದವರು ಯಜಮಾನರೇ, ಕೇಳಿ ಹೆಂಡತಿಯ ಕಡೆ ನೋಡದೆ ನೋಡಿದರು, ಅವಳೂ ಅವರ ಕಡೆ ನೋಡದೆ ನೋಡಿದಳು, ಇವರ ಕೊಡಂಬಲದ ಕಾಕಾ ಹಬ್ಬದ ದಿನ ಉಟ್ಟ ಬಟ್ಟೆಯಲ್ಲಿ ನಡೆಯುತ್ತಾ ಹೋದವನು ಪಂಢರಪುರದಲ್ಲಿ ಸಿಕ್ಕ, ಅವಳ ತವರಿನ ಸಣ್ಣಮ್ಮ ಒಂದು ಮಳೆಗಾಲವಿಡೀ ಬಾಯಿ ಬಿಡದೆ ಒಲೆಯ ಮುಂದೆ ಕುಳಿತಿದ್ದಳು, ಮದುವೆಯಾದಾಗಿನಿಂದ ಇಬ್ಬರೂ ಈ ಎರಡು ಕತೆಗಳನ್ನು ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದರು, ಡಾಕ್ಟರು ನಕ್ಕು, ಒಂದೇ ಎಳಿ ಅಲ್ರಿ ಅಪ್ಪಾರ, ಸಣ್ಣ ಸಣ್ಣವು ನೂರಾರು ಅವ, ಎರಡೂ ಕಡಿಂದು ಕೂಡಿರ್ತಾವ, ಯಾರ ತಪ್ಪೂ ಅಲ್ಲ ಎಂದರು. ಯಾರ ತಪ್ಪೂ ಅಲ್ಲ, ಎಷ್ಟು ಹಗುರವಾಗಿ ಹೇಳಿದ. ಆಮೇಲೆ ತನ್ನ ಹಣೆಯ ಮೇಲೆ ಬೆರಳಿಟ್ಟು ತೋರಿಸಿದ, ಈ ಹಣಿ ಹಿಂದ ಲಗಾಮು ಹಿಡಿಯೋ ಭಾಗ ಅದ, ಒಳಗ ಆಳದಾಗ ಬಾದಾಮಿ ಕಾಳಿನಂಥದ್ದು ಒಂದು ಅದ, ಸಂತೋಷ, ಅಂಜಿಕಿ, ಸಿಟ್ಟು ಅಲ್ಲಿ ಪುಟೀತಾವ, ಎರಡರ ನಡುವ ಸಂಪರ್ಕದ ದಾರಿ ಅವ, ಆ ದಾರಿ ಬರೋಬ್ಬರಿ ಇಲ್ಲದ್ದಕ್ಕ ಹಿಂಗಾಗ್ತದೇನು, ಮನುಷ್ಯ ಒಮ್ಮೆ ಮುಗಿಲಿಗಿ ಒಮ್ಮೆ ಪಾತಾಳಕ್ಕ ಹೋಗ್ತಾನೇನು, ಅದನ್ನ ನೋಡಾಕತ್ತೀವಿ. ನೌಬಾದದ ಸುರಂಗ ಬಾವಿ ಇದ್ದಂಗೇನ್ರಿ ಎಂದು ಅವಳ ಬಾಯಿಂದ ಬಂದುಬಿಟ್ಟಿತು, ಅದು ಅವಳ ತವರು, ಮೇಲೆ ನೋಡಿದರೆ ಹೊಲದಲ್ಲಿ ಬೇರೆ ಬೇರೆ ಬಾವಿಗಳು, ಒಂದಕ್ಕೊಂದು ನೆಂಟಸ್ತನವೇ ಇಲ್ಲ, ಕೆಳಗೆ ಕಲ್ಲು ಕೊರೆದ ಕಾಲುವೆ, ಒಂದರ ನೀರು ಇನ್ನೊಂದಕ್ಕೆ, ಚಿಕ್ಕವಳಿದ್ದಾಗ ಈ ಬಾವಿಯಲ್ಲಿ ಚೆಂಡು ಹೂ ಹಾಕಿ ಆ ಬಾವಿಗೆ ಓಡುತ್ತಿದ್ದಳು, ಬಂತಾ ಬಂತಾ ಎಂದು ಬಗ್ಗಿ ನೋಡುತ್ತಿದ್ದಳು, ಒಮ್ಮೊಮ್ಮೆ ಬರುತ್ತಿತ್ತು, ಕೆಲವು ಕಡೆ ಹೂಳು ತುಂಬಿತ್ತು, ಬರುತ್ತಿರಲಿಲ್ಲ. ಬರೋಬ್ಬರಿ ಅದೇ ಅವ್ವಾರ, ನಾ ಇನ್ನ ಮ್ಯಾಲೆ ಎಲ್ಲಾರಿಗೂ ಇದನ್ನೇ ಹೇಳ್ತೀನಿ ಎಂದ ಆ ಹುಡುಗ, ಹುಡುಗನೇ, ಶಂಕರಲಿಂಗ ಇದ್ದಿದ್ದರೆ ಇಷ್ಟೇ ವಯಸ್ಸು, ಇದೇ ರೀತಿ ಹುಬ್ಬು ಏರಿಸಿ ನಗುತ್ತಿದ್ದ.

ಶಂಕರಲಿಂಗ. ಅವಳ ಚೊಚ್ಚಲ ಮಗ. ಬಂತಲ್ಲ ಕೊನೆಗೆ, ಎಷ್ಟು ಸುತ್ತು ಹಾಕಿ ಹೋದರೂ ಬರುವುದು ಅಲ್ಲಿಗೇ. ಮೊದಲು ಅವನು ಇಳಿದಿದ್ದ, ಓದು ಬಿಟ್ಟು, ಅಂಗಡಿ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ್ದ, ಗುಲಬರ್ಗಾದ ಡಾಕ್ಟರು ಏರಿಳಿತದ ರೋಗ, ಈಗ ಇಳದದ, ಮುಂದ ಏರ್ತದ, ಏರಿದಾಗ ಹುಷಾರಿ, ಗುಳಿಗಿ ಬಿಡಿಸಬ್ಯಾಡ್ರಿ ಎಂದು ಹೇಳಿ ಕಳಿಸಿದ್ದರು, ಮುಂದೆ ಏರಿತು, ತೊಂಬತ್ತಾರರ ಶ್ರಾವಣದಲ್ಲಿ, ಆದರೆ ಅದು ಹೀಗೆ ಏರುತ್ತದೆಂದು ಯಾರಿಗೆ ಗೊತ್ತು, ಬೇರೆ ಊರಿನಲ್ಲಿ ಏರಿದ್ದರೆ ಹುಚ್ಚು ಎನ್ನುತ್ತಿದ್ದರು, ಕಲ್ಯಾಣದಲ್ಲಿ ಏರಿತು, ಶರಣರು ನಡೆದಾಡಿದ ನೆಲ, ಇಲ್ಲಿ ಒಬ್ಬ ಹುಡುಗ ನಸುಕಿನಲ್ಲಿ ಎದ್ದು ಪರುಷಕಟ್ಟೆಯ ಮುಂದೆ ನಿಂತು ಉಣ್ಣದೆ, ಕೂಡದೆ, ದಣಿಯದೆ ಮಾತಾಡತೊಡಗಿದರೆ, ಓದದ ವಚನಗಳೆಲ್ಲ ನಾಲಿಗೆಯಲ್ಲಿ ಸಾಲುಗಟ್ಟಿ ಬಂದರೆ, ತಾನೇ ಕಟ್ಟಿದವೂ ಅವುಗಳ ಜೊತೆ ಕೂಡಿ ಯಾವುದು ಹಳೆಯದು ಯಾವುದು ಅವನದು ಎಂದು ತಿಳಿಯದೆ ಹೋದರೆ, ಅಂಗಡಿಯ ಧೋತರದ ಗಂಟುಗಳನ್ನೆಲ್ಲ ಬಿಚ್ಚಿ ಹೋಗುವ ಬರುವ ಬಡವರಿಗೆ ಹೊದಿಸಿದರೆ, ಅದಕ್ಕೆ ಹುಚ್ಚು ಎಂಬ ಹೆಸರು ಯಾರ ಬಾಯಲ್ಲಿ ಬಂದೀತು. ಮಂಠಾಳದಿಂದ ಗಾಡಿ ಕಟ್ಟಿಕೊಂಡು ಬಂದರು, ಕೊಡಂಬಲದ ನೆಂಟರು ಬಂದರು, ಶರಣ ಹುಟ್ಟಿ ಬಂದಾನ ವೈಜನಾಥಪ್ಪ, ನಿನ್ನ ಹೊಟ್ಟಿ ತಣ್ಣಗಿರಲಿ, ಜೋಳದ ಚೀಲ ಪಡಸಾಲೆಯಲ್ಲಿ ಸಾಲಾಗಿ ನಿಂತವು, ದಾಸೋಹ ನಡೆಯಿತು, ಯಜಮಾನರು ಹೆಗಲ ಮೇಲೆ ಶಲ್ಯ ಹಾಕಿಕೊಂಡು ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆಯುತ್ತಿದ್ದರು, ಬರ್ರಿ ಬರ್ರಿ, ಆಗ ಅವರ ಮುಖದ ಮೇಲಿದ್ದ ಬೆಳಕು, ಆ ಬೆಳಕನ್ನು ಈಗ ನೆನೆದರೆ ಸಿಟ್ಟೂ ಬರುವುದಿಲ್ಲ, ಅಯ್ಯೋ ಎನ್ನಿಸುತ್ತದೆ. ಮತ್ತು ಒಂದು ಸೋಮವಾರ ತಾಮ್ರದ ತಾಟು ತಂದರು, ಶಂಕರಲಿಂಗನನ್ನು ಮಣೆಯ ಮೇಲೆ ಕೂಡಿಸಿ ಅವನ ಪಾದ ತೊಳೆದರು, ಒಬ್ಬರಾದ ಮೇಲೆ ಒಬ್ಬರು ಹಣೆ ಹಚ್ಚಿದರು, ತೊಳೆದ ನೀರನ್ನು ಅಂಗೈಯಲ್ಲಿ ಹಿಡಿದು ಕುಡಿದರು, ಗುರುವಿನ ಪಾದೋದಕದಂತೆ, ಹೆಂಗಸರು ದಾರಿ ಬಿಟ್ಟು ಹೇಳಿದರು, ಕಸ್ತೂರಿಬಾಯಿ, ಬರ್ರಿ, ಹಡದವರು ಮೊದಲು ಬರಬೇಕಾಗಿತ್ತು.

ಅವಳು ಬಗ್ಗಿದಳು. ಎತ್ತಿ ಆಡಿಸಿದ ಕಾಲು, ಎಣ್ಣೆ ಹಚ್ಚಿ ಎಳೆದ ಕಾಲು, ಅದರ ಎಡ ಹೆಬ್ಬೆರಳ ಪಕ್ಕ ಚಿಕ್ಕಂದಿನಲ್ಲಿ ಕುಡುಗೋಲು ತಾಗಿದ ಕಲೆ, ಅದರ ಮೇಲೆ ಹಣೆ ಇಟ್ಟಳು, ಇಟ್ಟ ಕ್ಷಣ ತಿಳಿಯಿತು, ಪಾದ ಕೆಂಡದ ಹಾಗೆ ಸುಡುತ್ತಿದೆ, ಬರಿಗಾಲಲ್ಲಿ ತಿರುಗಿ ತಿರುಗಿ ಹಿಮ್ಮಡಿ ಒಡೆದು ರಕ್ತ ಬಂದಿದೆ, ಮತ್ತು ಅದು ನಡುಗುತ್ತಿದೆ, ಹಿಡಿದ ಹಕ್ಕಿಯ ಎದೆ ಬಡಿದುಕೊಳ್ಳುವ ಹಾಗೆ, ನಿಲ್ಲದೆ, ಸಣ್ಣಗೆ, ಅವಳ ಹಣೆಯ ಮೂಳೆಯೊಳಗೆ ಇಳಿಯುವ ಹಾಗೆ ನಡುಗುತ್ತಿದೆ. ತಾಯಿಗೆ ತಿಳಿಯಿತು. ಇದು ಆನಂದವಲ್ಲ, ಈ ಮೈಗೆ ಏನೋ ಆಗಿದೆ, ಎತ್ತಿಕೊಂಡು ಹೋಗಿ ಕತ್ತಲೆ ಕೋಣೆಯಲ್ಲಿ ಮಲಗಿಸಬೇಕು, ನೀರು ಕುಡಿಸಬೇಕು, ಗೂಡಿನಲ್ಲಿಟ್ಟ ಗುಳಿಗೆ ಕೊಡಬೇಕು — ತಿಳಿಯಿತು, ಆದರೆ ಹಿಂದೆ ಸಾಲು ನಿಂತಿತ್ತು, ಯಾರೋ ನೀರಿನ ಬಟ್ಟಲು ಕೈಗೆ ಕೊಟ್ಟರು, ಅವಳು ಕಣ್ಣು ಮುಚ್ಚಿ ಕುಡಿದಳು. ಕುಡಿದ ಮೇಲೆ ಮುಗಿಯಿತು. ಯಾರ ಪಾದೋದಕ ಕುಡಿದೆವೋ ಅವರಿಗೆ ಗುಳಿಗೆ ನುಂಗಪ್ಪ ಎಂದು ಯಾವ ಬಾಯಿಂದ ಹೇಳುವುದು. ದೀಪಾವಳಿಯ ಹೊತ್ತಿಗೆ ಅವನು ಇಳಿದ, ಗಾಡಿಗಳು ಬರುವುದು ನಿಂತಿತು, ಪ್ರಶ್ನೆ ಕೇಳಲು ಬಂದವರು ಅವನ ಬೆನ್ನು ನೋಡಿ ಮರಳಿದರು, ಶರಣರು ಮೌನಕ್ಕೆ ಹೋಗ್ಯಾರ ಎಂದು ಸ್ವಲ್ಪ ದಿನ ಯಜಮಾನರು ಹೇಳಿದರು, ಆಮೇಲೆ ಅವರೂ ಹೇಳಲಿಲ್ಲ. ಮರುವರ್ಷ ಮತ್ತೆ ಏರಿದ, ಮತ್ತೆ ಇಳಿದ, ಒಂದು ಮಧ್ಯಾಹ್ನ ಅವಳು ಗಂಜಿ ಕುಡಿಸಲು ಕುಳಿತಾಗ ಗೋಡೆಯ ಕಡೆಯಿಂದ ತಿರುಗದೆಯೇ ಕೇಳಿದ, ಯವ್ವಾ, ನೀ ಯಾಕ ನನ್ನ ಕಾಲಿಗಿ ಬಿದ್ದಿ. ಎಲ್ಲಾರೂ ಬಿದ್ರು, ಬೀಳ್ಲಿ, ನೀ ಯಾಕ ಬಿದ್ದಿ. ನೀ ಬಿದ್ದಿಯಂದ್ರ ನಾ ಖರೇನೇ ದೊಡ್ಡಾವ ಅಂತ ತಿಳ್ಕೊಂಡೆ. ಸಿಟ್ಟಿನ ಮಾತಲ್ಲ, ಹೊಲದಲ್ಲಿ ದಾರಿ ತಪ್ಪಿದವನು ದಾರಿ ಕೇಳುವ ಮಾತು, ಅವಳು ಚಮಚೆಯನ್ನು ಬಟ್ಟಲಲ್ಲಿ ಆಡಿಸುತ್ತ ಕುಳಿತಳು. ಆ ಚಳಿಗಾಲದಲ್ಲಿ ತ್ರಿಪುರಾಂತ ಕೆರೆಯ ಕಡೆಗೆ ಹೋದವನು ತಾನಾಗಿ ಮನೆಗೆ ಬರಲಿಲ್ಲ. ತಂದರು. ಕೂಡಿಸಿದರು, ನಮ್ಮಲ್ಲಿ ಮಲಗಿಸುವುದಿಲ್ಲವಲ್ಲ, ಸಮಾಧಿಯ ಗೂಡಿನಲ್ಲಿ ಕೂಡಿಸುವುದು, ಎಡ ಅಂಗೈಯಲ್ಲಿ ಲಿಂಗ ಇಟ್ಟರು, ವಿಭೂತಿ ಹಚ್ಚಿದರು, ಕಾಲು ಮಡಚಿ ಪದ್ಮಾಸನ ಹಾಕಿಸಿ ಹೊಸ ಧೋತರ ಹೊದಿಸಿದರು, ಅವಳು ಒಮ್ಮೆ, ಒಂದೇ ಒಮ್ಮೆ, ಆ ಪಾದ ಹಿಡಿಯಬೇಕೆಂದು ಹೋದಳು, ಹಣೆ ಹಚ್ಚಲಿಕ್ಕಲ್ಲ, ಸುಮ್ಮನೆ ಹಿಡಿಯಲಿಕ್ಕೆ, ತಣ್ಣಗಾಗಿದೆಯೇನೋ ಬೆಚ್ಚಗೆ ಮಾಡಲಿಕ್ಕೆ, ಮಡಚಿದ ಕಾಲು ಧೋತರದ ಒಳಗೆ ಎಲ್ಲಿದೆಯೆಂದು ಕೈಗೆ ಸಿಗಲಿಲ್ಲ, ಹೆಂಗಸರು ಹಿಂದಕ್ಕೆ ಎಳೆದರು.

ಏನಕ್ಕಾ, ಬೆವರಾಕತ್ತೀದಿ, ನೀರು ಕುಡಿ — ಮುನ್ನಿ ಬೀ. ಬ್ಯಾಡವ್ವ, ಸೆಕಿ ಅದ. ಸೆಕೆ ಇಲ್ಲ, ಗಾಳಿ ಬೀಸುತ್ತಿದೆ, ವೀರಭದ್ರನ ಗುಡಿಯ ಗಂಟೆ ಆ ಗಾಳಿಯಲ್ಲಿ ಬಂತು. ಒಳಗಿನ ಸದ್ದು ನಿಂತಿದೆ, ಈಗ ಮುನ್ನಿ ಬೀಯ ಗಂಡ ಹೊರಗೆ ಬರುತ್ತಾನೆ, ಬಂದ, ಕಣ್ಣು ಕಿರಿದು ಮಾಡಿ ಬೆಳಕು ನೋಡಿ, ಏನೂ ಇಲ್ಲ, ನಿದ್ದಿ ಬಂತು ಎಂದ, ಮುನ್ನಿ ಬೀ ಅವನ ತೋಳಿಗೆ ತಾಯಿತ ಕಟ್ಟುತ್ತಾ, ಮನ್ಯಾಗ ಮಲಗು ಅಂದ್ರ ಮಲಗಂಗಿಲ್ಲ, ಡಬ್ಬಿಯೊಳಗ ನಿದ್ದಿ ಬರ್ತದ ಎಂದು ಗಲ್ಲ ತಿವಿದಳು. ಪೂನಂ ಬಾಗಿಲಲ್ಲಿ ನಿಂತಿದ್ದಾಳೆ. ಕರೆಯುವುದಿಲ್ಲ, ನಿಂತಿದ್ದಾಳೆ. ಅವಳಿಗೆ ಸುರುವಾದದ್ದು ಹೋದ ವರ್ಷ, ಕಸೂತಿ ದಾರ ಬಣ್ಣ ಬಣ್ಣದ್ದು ತಂದು ಮನೆಯ ಪರದೆ, ದಿಂಬು, ತಂದೆಯ ಟೋಪಿ ಎಲ್ಲಕ್ಕೂ ನವಿಲು ಹಾಕಿದಳು, ಮರಾಠಿಯಲ್ಲಿ ಮಾತು, ಹಿಂದಿಯಲ್ಲಿ ಮಾತು, ಊರ ಹೆಣ್ಣುಮಕ್ಕಳಿಗೆಲ್ಲ ಸಾಲೆ ತೆಗೀತೀನಿ ಎಂದಳು, ಈ ಸಲ ಅಣ್ಣನ ನೆನಪಿದ್ದದ್ದರಿಂದ ಯಜಮಾನರೇ ಗುಲಬರ್ಗಾಕ್ಕೆ ಕರೆದೊಯ್ದರು, ಗುಳಿಗೆ ಹಿಡಿಯಿತು, ಸಮಾಧಾನ. ಆದರೆ ಒಂದು ತಿಂಗಳ ಹಿಂದೆ ಪೂಜೆಯ ಹೊತ್ತಿನಲ್ಲಿ ಪೂನಂ ವಚನ ಹಾಡುತ್ತಿದ್ದಾಗ, ದನಿ ಎತ್ತರಕ್ಕೆ ಹೋಗಿ ಅಲ್ಲಿಯೇ ನಿಂತು ಹೊಳೆಯುತ್ತಿದ್ದಾಗ, ಕಸ್ತೂರಿಬಾಯಿಗೆ ತಿಳಿಯದ ಹಾಗೆ ಅವಳ ಕೈ ಎರಡೂ ಜೋಡಿಸಿಕೊಂಡವು, ದೇವರ ಕಡೆಗಲ್ಲ, ಮಗಳ ಕಡೆಗೆ. ಪೂನಂ ಹಾಡು ನಿಲ್ಲಿಸಿದಳು. ಅವ್ವಾ, ಹಂಗ ನೋಡಬ್ಯಾಡ. ಅಷ್ಟೇ ಅಂದಳು, ಬೆಳ್ಳಗಾಗಿದ್ದಳು. ಆಮೇಲೆ ಗುಳಿಗೆ ಬಾಯಲ್ಲಿ ಹಾಕಿಕೊಂಡು ಹಿತ್ತಲಲ್ಲಿ ಉಗುಳುವುದನ್ನು ತಾಯಿ ಕಂಡಳು, ಯಾಕ ಎಂದರೆ, ಗುಳಿಗಿ ನುಂಗಿದ್ರ ದನಿ ಏರಂಗಿಲ್ಲ, ನಿನಗ ಏರಿದ ದನಿ ಬೇಕು ಎಂದಳು. ಇವತ್ತು ಬಸ್ಸಿನಲ್ಲಿ ಬರುವಾಗ, ಕಿಟಕಿಯ ಹೊರಗೆ ತೊಗರಿ ಹೊಲ ಓಡುತ್ತಿದ್ದಾಗ, ಮೆಲ್ಲಗೆ, ಅಪ್ಪನಿಗೆ ಕೇಳದಂತೆ ಹೇಳಿದ್ದಳು, ನೀ ಒಳಗ ಬಂದು ನನ್ನ ಜತಿ ಇದ್ದಿ ಅಂದ್ರ ಇದು ರೋಗ ಅಂತ ನೀ ಒಪ್ಪಿದಂಗ, ನೀ ಒಪ್ಪಿದ್ರ ನಾ ಗುಳಿಗಿ ನುಂಗ್ತೀನಿ, ಹೊರಗ ಕುಂತಿ ಅಂದ್ರ ನನಗ ತಿಳೀತದ, ಅಣ್ಣಗ ಮಾಡಿದಂಗೇ ನನಗೂ ಮಾಡಾಕಿ ಅಂತ.

ಬಾಗಿಲಲ್ಲಿ ನಿಂತಿದ್ದಾಳೆ, ಅಂದರೆ ಇದು ಲಿಂಗದ ಮಾತಲ್ಲ, ಲಿಂಗದ ಹೆಸರಿನಲ್ಲಿ ನಾನು ಇಲ್ಲಿ ಕುಳಿತಿದ್ದೇನೆ, ಲಿಂಗ ನನ್ನನ್ನು ಕೂಡಿಸಿಲ್ಲ, ಆ ಕಾಲು ಕೂಡಿಸಿದೆ, ಶಿವನೇ, ಎಷ್ಟು ವರ್ಷ ಎಡ ಅಂಗೈಯಲ್ಲಿ ನಿನ್ನನ್ನು ಇಟ್ಟುಕೊಂಡು ಎವೆಯಿಕ್ಕದೆ ನೋಡಿದೆ, ನೋಡಬೇಕಾದ ಒಂದು ಗಳಿಗೆಯಲ್ಲಿ ಕಣ್ಣು ಮುಚ್ಚಿದೆ, ಬೆಳಕನ್ನು ನೋಡಿದರು ಎಲ್ಲರೂ, ಸುಡುವುದು ನನಗೊಬ್ಬಳಿಗೆ ತಾಗಿತ್ತು. ಎದ್ದಳು. ಮೊಣಕಾಲು ಕಟಕ್ ಎಂದಿತು. ಕಿವಿಯ ಓಲೆ ಬಿಚ್ಚಿದಳು, ಕಾಲುಂಗುರ ಊದಿದ ಬೆರಳಿನಿಂದ ಬರಲೊಲ್ಲದು, ಮುನ್ನಿ ಬೀ ಕೆಳಗೆ ಕುಳಿತು ಎಲೆಗೆ ಹಚ್ಚಿ ಉಳಿದ ಸುಣ್ಣದ ಕೈಯನ್ನೇ ಒರೆಸಿಕೊಂಡು ತಿರುವಿ ತಿರುವಿ ತೆಗೆದಳು, ಅಕ್ಕಾ, ಲಗ್ನದಾಗ ಹಾಕಿದ್ದು ನೋಡು, ನಿನ್ನ ಗಂಡಗಿಂತ ಗಟ್ಟಿ ಹಿಡ್ಕೊಂಡದ. ಕೊರಳಿನ ತಾಳಿ, ಆ ಗುಳದಾಳಿಯನ್ನೂ ತೆಗೆದು ಓಲೆಯ ಜೊತೆ ಸೆರಗಿನಲ್ಲಿ ಗಂಟು ಹಾಕುವಾಗ ಯಜಮಾನರು ತಲೆ ಎತ್ತಿದರು. ಇಲ್ಲಿ ಹಲಗಿ ಅದ, ಇಲ್ಲಿ ಬಿಚ್ಚೂದು ಬ್ಯಾಡ ಅಂದಾನಲ್ಲ ಡಾಕ್ಟರ. ಅಲ್ಲಿ ಬಿಚ್ಚಾಕ ಬರ್ತದೋ ಇಲ್ಲೋ ಇಲ್ಲೇ ನೋಡ್ತೀನ್ರಿ. ಶಿವದಾರಕ್ಕೆ ಕೈ ಹಾಕಿದಳು, ಕೊರಳಿನಿಂದ ಮೇಲೆ ತೆಗೆಯುವಾಗ ಅದು ಕೂದಲಿಗೆ ಸಿಕ್ಕಿತು, ಬಿಡಿಸಿದಳು, ಎದೆಯ ಮೇಲೆ ಅದು ಇದ್ದ ಜಾಗ ಬೆತ್ತಲೆಯಾದ ಹಾಗೆ, ಹೆಣ ಆಗುತ್ತೇನೇನೋ ಎಂದು ಕಾದಳು, ಆಗಲಿಲ್ಲ, ಗುಡಿಯ ಗಂಟೆ ಮತ್ತೆ ಕೇಳಿತು, ಆದರೆ ಇದನ್ನು ಎಲ್ಲಿ ಇಡಲಿ, ಬಾಕಿನ ಮೇಲೆ ಇಡುವಂತಿಲ್ಲ, ನೆಲಕ್ಕೆ ತಾಗಿಸುವಂತಿಲ್ಲ, ಕೈ ಚಾಚಿ ನಿಂತಳು. ಯಜಮಾನರು ಕಂಬ ಹಿಡಿದು ಎದ್ದರು. ಬೈಯುತ್ತಾರೆ, ಬೈಯಲಿ. ಬೈಯಲಿಲ್ಲ, ಹೆಗಲ ಮೇಲಿನ ಶಲ್ಯವನ್ನು ತೆಗೆದು ಕೊಡವಿ, ಮಡಿಸಿ, ಎಡ ಅಂಗೈಯ ಮೇಲೆ ಹಾಸಿಕೊಂಡರು. ಇಲ್ಲಿ ಇಡು. ನೀ ಬರೂತನ ಕೆಳಗ ಕೂಡಂಗಿಲ್ಲ ನಾ. ಆ ಶಲ್ಯದ ಅಂಚಿಗೆ ಪೂನಂ ಹಾಕಿದ ನವಿಲು, ಅದರ ಮೇಲೆ ಕರಡಿಗೆ, ಅವರು ಬಲಗೈಯನ್ನು ಅದರ ಮೇಲೆ ಮುಚ್ಚಿಕೊಂಡು ನಿಂತರು, ಅವಳ ಕಡೆ ನೋಡಿದರು, ನೋಡಿ ಬಹಳ ದಿನವಾಗಿತ್ತು, ಜರಾ ಗಟ್ಟಿ ಹಿಡಿ ಅಕಿನ ಕಾಲು, ಅಂಜುಬುರುಕಿ ಅದಾಳ ಎಂದರು.

ಕೋಣೆಯಲ್ಲಿ ಹಲಗೆಯ ವಾಸನೆ, ಡಾಕ್ಟರು ಅ‌ವಳ ಬರಿಯ ಕೊರಳನ್ನು ನೋಡಿ ಒಂದು ಸ್ಟೂಲು ಎಳೆದು ಹಾಕಿದರು, ಪೂನಂ ಮಲಗಿದ್ದಾಳೆ, ಮಂಚ ಒಳಗೆ ಸರಿಯುತ್ತಿದೆ, ಮುಖ ಹೋಯಿತು, ಜಡೆ ಹೋಯಿತು, ಕೈ ಹೋಯಿತು, ಅವ್ವಾ ಇದ್ದೀಯೇನು, ದನಿ ಕೊಳವೆಯಿಂದ ಬಾವಿಯ ದನಿಯ ಹಾಗೆ ಬಂತು, ಇದ್ದೀನಿ ನನ್ನವ್ವ, ಇಲ್ಲೇ ಇದ್ದೀನಿ, ಡಕ್ ಡಕ್ ಡಕ್ ಡಕ್ ಸುರುವಾಯಿತು, ಹೊರಗೆ ಎರಡು ಕಾಲು, ಬೆರಳುಗಳು ಬಿಗಿದುಕೊಂಡಿವೆ, ಉಗುರಿಗೆ ಅರ್ಧ ಹೋದ ಬಣ್ಣ, ಹಿಮ್ಮಡಿಯಲ್ಲಿ ಬಸ್ಸಿನ ಧೂಳು, ಇದು ಪಾದ ಅಲ್ಲ, ಕಾಲು, ನನ್ನ ಮಗಳ ಕಾಲು, ಕಸ್ತೂರಿಬಾಯಿ ಎಡ ಅಂಗೈಯನ್ನು ಹಿಮ್ಮಡಿಯ ಕೆಳಗೆ ಒಡ್ಡಿದಳು, ಬಲಗೈಯನ್ನು ಮೇಲೆ ಇಟ್ಟಳು, ಬಿಸಿ ಇದೆ, ನಡುಗುತ್ತಿದೆ, ಅದೇ ನಡುಕ, ಸಣ್ಣಗೆ, ನಿಲ್ಲದೆ, ಹಿಡಿದ ಹಕ್ಕಿಯ ಎದೆಯಂತೆ, ಇದು ಅಂಜಿಕೆಯದೋ, ಗುಳಿಗೆಯದೋ, ರೋಗದ್ದೋ, ಡಾಕ್ಟರಿಗೆ ಗೊತ್ತಿರಬಹುದು, ಅವಳಿಗೆ ಗೊತ್ತಿಲ್ಲ, ಅವಳ ತಲೆ ತಾನಾಗಿ ಬಾಗತೊಡಗಿತು, ಬಾಗುವುದು ಅಷ್ಟು ರೂಢಿ, ಹಣೆ ಕಾಲಿನ ಹತ್ತಿರ ಬಂದು ಅಲ್ಲಿಯೇ ನಿಂತಿತು, ತಾಗಿಸಲಿಲ್ಲ, ಕಣ್ಣು ತೆರೆದಿದೆ, ಎವೆಯಿಕ್ಕದೆ ನೋಡುತ್ತಿದ್ದಾಳೆ, ಅಂಗೈಯಲ್ಲಿ ಹಿಮ್ಮಡಿ, ನಡುಗುತ್ತದೆ, ಹಿಡಿದಿದ್ದಾಳೆ, ನಡುಗುತ್ತದೆ, ಅಂಗೈಯಲ್ಲಿ ಹಿಮ್ಮಡಿ —